ದುಡುಕೆಂಬ ಮಾತು ಯಾರ ಪಾಲಿಗೆ

ನಾನು ಓದಿದ್ದು ಚಿಕ್ಕಬಳ್ಳಾಪುರದ ಕಾನ್ವೆಂಟಿನಲ್ಲಿ. ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ರ್‍ಯಾಶ್, ಹೇಸ್ಟಿ, ರೆಕ್‌ಲೆಸ್, ಕೇರ್‌ಲೆಸ್, ಥಾಟ್‌ಲೆಸ್, ಇಂಪಲ್ಸಿವ್ ಎಂದು ಬರೆದರು. ಎಲ್ಲವೂ ಹಿಂದೆಮುಂದೆ ನೋಡದೆ ಮಾಡುವುದಕ್ಕೆ ಇರುವ ಮಾತುಗಳೇ, ಆದರೆ ಒಂದಿರಬೇಕಾದ ಕಡೆ ಇನ್ನೊಂದು ಕೂರುವುದಿಲ್ಲ ಎಂದರು. ಅವರ ಉದಾಹರಣೆಗಳಲ್ಲಿ ಬಸ್ಸಿನ ಡ್ರೈವರು, ಸೈನಿಕ, ರಾಜಕುಮಾರ ಇವರೆಲ್ಲ ರ್‍ಯಾಶ್ ಅಥವಾ ರೆಕ್‌ಲೆಸ್ ಆಗಿದ್ದರು. ಹಾಲು ಉಕ್ಕಿಸಿದವಳು ಕೇರ್‌ಲೆಸ್. ಗೇಟು ತೆರೆದಿಟ್ಟು ಹೋದವಳು ಥಾಟ್‌ಲೆಸ್. ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗ ಇದು ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಈ ಹಂಚಿಕೆ ಎಷ್ಟು ಗಟ್ಟಿ ಎನ್ನುವುದು ನನಗೆ ಗೊತ್ತಾದದ್ದು ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದು ಎಷ್ಟೋ ವರ್ಷಗಳಾದ ಮೇಲೆ.

ನನ್ನ ಗಂಡ ಚಿಕ್ಕಬಳ್ಳಾಪುರಕ್ಕೆ ಕೆಲಸಕ್ಕೆ ಹೋಗಿಬರುತ್ತಾರೆ. ಹೊಲ, ತೋಟ ಭಾವನವರ ಕೈಯಲ್ಲಿ. ಅವರ ಮನೆ ಪಕ್ಕದ ಬೀದಿಯಲ್ಲೇ ಬೇರೆ. ನಮ್ಮ ಹಿತ್ತಲಿಗೆ ಅಂಟಿಕೊಂಡಂತೆ ರೇಷ್ಮೆ ಹುಳು ಸಾಕುವ ಮನೆ ಇತ್ತು. ಅತ್ತೆ ಅದನ್ನು ನೋಡಿಕೊಳ್ಳುತ್ತಿದ್ದರು. ಅವರಿಗೆ ಮಂಡಿನೋವು ಜಾಸ್ತಿಯಾದಾಗ ನಾನು ನೋಡಿಕೊಳ್ಳುತ್ತೇನೆ ಎಂದೆ. ಭಾವ ನಕ್ಕರು. "ಕಾನ್ವೆಂಟಮ್ಮ ಹುಳ ಮುಟ್ತಾರಂತೆ! ಗ್ಲೌಸು ತಂದ್ಕೊಡೋ," ಎಂದು ತಮ್ಮನಿಗೆ ಹೇಳಿದರು.

ಗ್ಲೌಸಿಲ್ಲದೆಯೇ ಮುಟ್ಟಿದೆ. ತಣ್ಣಗೆ, ಒಣಗಿದ ರವಿಕೆ ಬಟ್ಟೆಯ ಹಾಗೆ ಇರುತ್ತವೆ, ಅಂಟುವುದಿಲ್ಲ. ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಹಗಲೂ ಇರುಳೂ ಸೊಪ್ಪು ತಿನ್ನುತ್ತವಲ್ಲ, ಆ ಸದ್ದು ಕಾನ್ವೆಂಟಿನ ಕಾರಿಡಾರಿನಲ್ಲಿ ಸಿಸ್ಟರುಗಳು ನಡೆದುಹೋಗುವಾಗ ಅವರ ಗಂಜಿ ಹಾಕಿದ ಬಿಳಿ ಬಟ್ಟೆ ಸರಬರ ಎನ್ನುತ್ತಿದ್ದ ಸದ್ದೇ. ಅಡುಗೆಮನೆಯಲ್ಲಿ ನಿಂತರೂ ಕೇಳಿಸುತ್ತಿತ್ತು. ಆ ಸದ್ದು ಸ್ವಲ್ಪ ಇಳಿದರೆ ಸೊಪ್ಪು ಮುಗಿಯಿತು ಎಂದು ತಿಳಿದು ಒಲೆ ಸಣ್ಣ ಮಾಡಿ ಓಡುತ್ತಿದ್ದೆ. ಒಂದಾದ ಮೇಲೊಂದು ಬೆಳೆ ಚೆನ್ನಾಗಿ ಬಂತು. ಊರಿನ ಹೆಂಗಸರು ನನ್ನನ್ನೇ ಹುಡುಕಿಕೊಂಡು ಬಂದು ಏನಾದರೂ ಕೇಳುವುದಕ್ಕೆ ಶುರುಮಾಡಿದರು. ಆ ಮನೆಯಲ್ಲಿ ನನ್ನ ಮಾತು ಕೊನೆಯ ಮಾತಾಗಿದ್ದ ಜಾಗ ಅದೊಂದೇ.

ಹೊರಗಿನ ಸೊಪ್ಪು ತಂದಾಗ ಒಂದು ರೂಢಿ ಇದೆ. ಅಕ್ಕಪಕ್ಕದ ಟೊಮೆಟೊಗೋ ದ್ರಾಕ್ಷಿಗೋ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಎಲೆಯ ಮೇಲೆ ಕೂತಿರಬಹುದು. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಅದಕ್ಕೆ ಒಂದು ತಟ್ಟೆಯಲ್ಲಿ ನಾಲ್ಕು ಹುಳು ಬಿಟ್ಟು, ಅವಕ್ಕೆ ಆ ಸೊಪ್ಪು ಹಾಕಿ, ಅರ್ಧ ದಿನ ಕಾಯಬೇಕು. ಅವು ನೆಟ್ಟಗಿದ್ದರೆ ಮಿಕ್ಕವಕ್ಕೆ. ನಾನು ಇದನ್ನು ಒಂದು ಸಲವೂ ತಪ್ಪಿಸಲಿಲ್ಲ.

ಆ ಭಾನುವಾರ ಗೌರಿಬಿದನೂರಿನಲ್ಲಿ ನಮ್ಮವರ ಕಡೆಯ ಮದುವೆ. ಅತ್ತೆ ಭಾವನವರ ಜೊತೆ ಬೆಳಿಗ್ಗೆಯೇ ಹೊರಟುಹೋಗಿದ್ದರು. ಹುಳು ಜೋರಾಗಿ ತಿನ್ನುವ ದಿನಗಳು, ನಮ್ಮ ತೋಟದ ಸೊಪ್ಪು ಸಾಲುವ ಹಾಗೆ ಕಾಣಲಿಲ್ಲ. ನನ್ನ ಗಂಡ ಕೈವಾರದ ಕಡೆ ಯಾರದೋ ತೋಟದಿಂದ ಒಂದು ಗೂಡ್ಸ್ ಆಟೋ ತುಂಬ ಸೊಪ್ಪು ಹಾಕಿಸಿಕೊಂಡು ಬಂದರು. ಒಳ್ಳೆಯ ಸೊಪ್ಪು, ಎಲೆ ಅಂಗೈಯಗಲ, ಹೊಳೆಯುತ್ತಿತ್ತು.

"ಪಕ್ಕದಲ್ಲಿ ಏನು ಬೆಳೆ ಇತ್ತು ರೀ?" ಎಂದೆ.

"ನಾನೇನು ಸರ್ವೆ ಮಾಡಕ್ಕೆ ಹೋಗಿದ್ನಾ?"

"ಸಾಯಂಕಾಲದವರೆಗೆ ನಮ್ಮ ಸೊಪ್ಪು ಆಗುತ್ತೆ. ಇದನ್ನ ನಾಲ್ಕು ಹುಳಕ್ಕೆ ಹಾಕಿ ನೋಡೋಣ. ನೀವು ಹೋಗ್ಬನ್ನಿ, ನಾನು ಇರ್ತೀನಿ."

"ಹೆಂಡ್ತಿ ಎಲ್ಲಪ್ಪಾ ಅಂದ್ರೆ ಹುಳ ಕಾಯ್ತವ್ಳೆ ಅನ್ಲಾ? ಹೋಗು, ಸೀರೆ ಉಟ್ಕೊಂಡ್ ಬಾ. ಮುಹೂರ್ತ ಮುಗ್ದು ಊಟಕ್ಕೆ ಕೂತಾಗ ಹೋದ್ರೆ ಮರ್ಯಾದೆನಾ?"

ಸೀರೆ ಉಡಲು ಹೋದೆ. ನೆರಿಗೆ ಹಿಡಿದಿದ್ದಾಗ ಹಿತ್ತಲಿಂದ ಅವರೂ ಆಟೋದವನೂ ಮಾತಾಡಿಕೊಂಡು ನಗುವುದು ಕೇಳಿಸಿತು. ಪಿನ್ನು ಹಾಕದೆಯೇ ಓಡಿಬಂದೆ. ಅಷ್ಟರಲ್ಲಿ ಮೇಲಿನಿಂದ ಕೆಳಗಿನವರೆಗೆ ಹುಳು ಸಾಕುವ ಎಲ್ಲ ಅಟ್ಟಣಿಗೆಗಳ ಮೇಲೂ ಹೊಸ ಸೊಪ್ಪು ಹರಡಿ ಆಗಿತ್ತು. ಹುಳುಗಳು ಆಗಲೇ ಸೊಪ್ಪಿನ ಕಡ್ಡಿ ಹತ್ತಿ ಎಲೆಯ ಅಂಚು ಹಿಡಿದಿದ್ದವು.

"ನೋಡ್ದಾ? ನೀನಾಗಿದ್ರೆ ಒಂದು ಗಂಟೆ ಮಾಡ್ತಿದ್ದೆ. ಸ್ಪೀಡ್ ಅಂದ್ರೆ ಇದು ಕಣೇ," ಎಂದು ಕೈ ಕೊಡವಿಕೊಂಡರು.

"ಏನ್ರೀ ಇದು? ಹೇಳಿದ್ನಲ್ಲ ನಾನು!"

"ಏನೂ ಆಗಲ್ಲ ನಡಿ. ಎಲ್ಲಾದಕ್ಕೂ ಭಯ."

ಎರಡು ಕಡ್ಡಿ ಎತ್ತಿದೆ, ಹುಳುಗಳು ಅದಕ್ಕೇ ನೇತಾಡಿಕೊಂಡು ಮೇಲೆ ಬಂದವು. ಅಷ್ಟರಲ್ಲಿ ಅವರು ಬೀದಿಗೆ ಹೋಗಿ ಕಾರಿನ ಹಾರ್ನ್ ಒತ್ತತೊಡಗಿದರು, ನಾನು ಬರುವವರೆಗೆ ನಿಲ್ಲಿಸಲಿಲ್ಲ.

ಮದುವೆಯಲ್ಲಿ ಏನು ಬಡಿಸಿದರೋ ನೆನಪಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ನನಗೆ ತಿಳಿಯಿತು. ಹಿತ್ತಲಿನಿಂದ ಸದ್ದೇ ಇರಲಿಲ್ಲ. ಬಾಗಿಲು ತೆಗೆದರೆ ಸೊಪ್ಪು ಅರ್ಧಂಬರ್ಧ ತಿಂದು ಹಾಗೇ ಬಿದ್ದಿತ್ತು. ಹುಳುಗಳು ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು. ಬಾಯಿಂದ ಹಸಿರು ನೀರು. ಕೆಲವು ಅಟ್ಟಣಿಗೆಯ ಅಂಚಿಗೆ ತೆವಳಿ ಬಂದು ನೆಲಕ್ಕೆ ಬಿದ್ದು ಕುಗ್ಗಿಹೋಗಿದ್ದವು. ನನ್ನ ಗಂಡ ಬಾಗಿಲಲ್ಲೇ ನಿಂತು, "ಥೋ, ಬ್ಯಾಡ್ ಲಕ್ ನೋಡು," ಎಂದರು. ರೇಷ್ಮೆ ಸೀರೆ ಉಟ್ಟುಕೊಂಡೇ ನೆಲದ ಮೇಲೆ ಕೂತೆ. ಆ ಸೀರೆಯಂಥ ಸೀರೆಗೇ ಅವನ್ನು ಸಾಕುತ್ತಿದ್ದದ್ದು ಎನ್ನುವುದೂ ಆಗ ಹೊಳೆಯಿತು. ಮತ್ತೆ ಆ ಸೀರೆ ಉಟ್ಟಿಲ್ಲ.

ಮಾರನೆಯ ದಿನ ಆಳುಗಳು ತೋಟದ ಮೂಲೆಯಲ್ಲಿ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿ ಬಂದರು. ಭಾವ ಬಂದು ಜಗಲಿಯ ಮೇಲೆ ಕೂತರು. ಅತ್ತೆ ಬಾಗಿಲಿಗೆ ಒರಗಿ ಕಾಲು ಚಾಚಿಕೊಂಡಿದ್ದರು. ನಾನು ಕಾಫಿ ತಂದೆ.

"ಮನೇಲಿರೋಳು ನೋಡ್ಬಾರ್ದಿತ್ತೇನಮ್ಮ?" ಎಂದರು ಭಾವ.

ನಾನು ಬಾಯಿ ತೆರೆಯುವುದರೊಳಗೆ ನನ್ನ ಗಂಡ ಹೇಳಿದರು: "ಮದುವೆಗೆ ಹೊರಡೋ ಗಡಿಬಿಡಿ ಅಣ್ಣ. ಇವ್ಳು ಸೀರೆ ಉಡೋದ್ರಲ್ಲಿದ್ಲು, ಸೊಪ್ಪು ಟೆಸ್ಟ್ ಮಾಡ್ಲಿಲ್ಲ. ಸ್ವಲ್ಪ ಕೇರ್‌ಲೆಸ್ ಆಗೋಯ್ತು."

ಲೋಟದ ಅಂಚಿನ ಮೇಲಿಂದ ನನ್ನನ್ನು ನೋಡಿದರು. ಆ ನೋಟದಲ್ಲಿ ನಾಚಿಕೆ ಇದ್ದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಅಲ್ಲಿದ್ದದ್ದು, ಇಷ್ಟು ಸಣ್ಣ ತಪ್ಪನ್ನು ನೀನೇ ಹೊತ್ತುಕೊಂಡರೆ ಆಯಿತಲ್ಲ ಎನ್ನುವ ಸಲಿಗೆ.

"ಸೊಪ್ಪು ಹರಡಿದ್ದು ಅವರು, ಭಾವ," ಎಂದೆ.

"ಅವ್ನಿಗೇನಮ್ಮ ಗೊತ್ತು ಹುಳದ ವಿಷ್ಯ? ಅವನು ಡೇರಿಂಗ್ ಆಸಾಮಿ, ಕೈಗೆ ಸಿಕ್ಕಿದ್ದು ಮಾಡಿ ಮುಗಿಸ್ತಾನೆ. ನೀನಲ್ವಾ ತಿಳ್ದೋಳು?"

ಅತ್ತೆಗೆ ಒಂದು ವಿಷಯ ಸಾಕು ಅನ್ನಿಸಿದರೆ ತವರಿನ ತೆಲುಗು ಬಂದುಬಿಡುತ್ತದೆ. "ಪೋನೀಲೇ," ಎಂದು ಹೋಗಲಿ ಬಿಡು ಎನ್ನುವಂತೆ ಕೈಯಾಡಿಸಿದರು. ಯಾರಿಗೆ ಹೇಳಿದರು, ಏನನ್ನು ಬಿಡಬೇಕು ಎನ್ನುವುದನ್ನು ಹೇಳಲಿಲ್ಲ.

ಕಾಫಿ ಮುಗಿಯುವುದರೊಳಗೆ ಇನ್ನೊಂದು ತೀರ್ಮಾನವೂ ಆಯಿತು. ಚಿಂತಾಮಣಿಯ ಟೊಮೆಟೊ ವ್ಯಾಪಾರಿಯೊಬ್ಬರು ಕ್ರೇಟುಗಳನ್ನು ಇಡುವುದಕ್ಕೆ ಜಾಗ ಹುಡುಕುತ್ತಿದ್ದಾರೆ, ಹುಳುವಿನ ಮನೆ ಅವರಿಗೆ ಬಾಡಿಗೆಗೆ ಕೊಟ್ಟರಾಯಿತು ಎಂದರು ಭಾವ. ನನ್ನ ಗಂಡ ಅಲ್ಲೇ ಫೋನು ತೆಗೆದು ಅವರಿಗೆ ಬರಲು ಹೇಳಿದರು. ನನ್ನ ಇಷ್ಟು ವರ್ಷದ ಕೆಲಸ ಒಂದು ಲೋಟ ಕಾಫಿ ಆರುವ ಮೊದಲು ಮುಗಿಯಿತು. ಇದಕ್ಕೆ ಹೇಸ್ಟಿ ಎನ್ನಬಹುದಿತ್ತು. ಯಾರೂ ಅನ್ನಲಿಲ್ಲ. ಅಟ್ಟಣಿಗೆಗಳನ್ನು ಬಿಚ್ಚುವಾಗ, ನಟ್ಟುಬೋಲ್ಟು ಕಳೆದುಹೋಗದ ಹಾಗೆ ಡಬ್ಬಿಯಲ್ಲಿ ಎತ್ತಿಡಲು ನನಗೆ ಹೇಳಿದರು. ಎತ್ತಿಟ್ಟೆ. ಈಗ ಅಲ್ಲಿ ಪ್ಲಾಸ್ಟಿಕ್ ಕ್ರೇಟುಗಳು ಸೂರಿನವರೆಗೆ ಇವೆ. ಕೊಳೆತ ಟೊಮೆಟೊ ವಾಸನೆ ಅಡುಗೆಮನೆಗೆ ಬರುತ್ತದೆ.

ಮೊನ್ನೆ ಸಂಕ್ರಾಂತಿ ಆದಮೇಲೆ ನನ್ನ ಗಂಡನ ಚಿಕ್ಕಮ್ಮ ಬಂದಿದ್ದರು. ಎಳ್ಳುಬೆಲ್ಲ ಕೊಟ್ಟೆ. ಹಿತ್ತಲ ಕಡೆ ನೋಡಿ, "ಏನಮ್ಮ, ಅಷ್ಟು ಚೆನ್ನಾಗಿ ಹುಳ ಸಾಕ್ತಿದ್ದೆ, ಯಾಕೆ ಬಿಟ್ಬಿಟ್ಟೆ?" ಎಂದರು.

"ಅವ್ಳಿಗೇ ಸಾಕಾಯ್ತು ಚಿಕ್ಕಮ್ಮ," ಎಂದರು ನನ್ನ ಗಂಡ, ಟೀವಿಯ ಮೇಲಿಂದ ಕಣ್ಣು ತೆಗೆಯದೆ.

ಒಂದು ಮಾತನ್ನು ನಾನು ಎಷ್ಟೋ ತಿಂಗಳಿಂದ ಒಳಗೇ ಕಟ್ಟಿ, ಕೆಡವಿ, ಯಾವ ಪದ ಎಲ್ಲಿರಬೇಕು ಎಂದು ನೋಡಿ, ಹೇಳಿದರೆ ಯಾರಿಗೆ ಎಷ್ಟು ನೋವಾಗುತ್ತದೆ ಎಂದು ತೂಗಿ ಇಟ್ಟುಕೊಂಡಿದ್ದೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಅದನ್ನೇ ತಿದ್ದಿದ್ದೆ. ಅವತ್ತು ಹೇಳಿದೆ.

"ನಾನು ಬಿಡಲಿಲ್ಲ ಚಿಕ್ಕಮ್ಮ. ಹುಳ ಸಾಯಿಸಿದ್ದು ಇವರು. ಕೆಟ್ಟ ಹೆಸರು ನನಗೆ ಬಂತು."

ಚಿಕ್ಕಮ್ಮನ ಕೈ ಎಳ್ಳಿನ ತಟ್ಟೆಯ ಮೇಲೆ ನಿಂತಿತು. ಅತ್ತೆ ಎದ್ದು ಒಳಗೆ ಹೋದರು. ನನ್ನ ಗಂಡ ಟೀವಿಯ ಸದ್ದು ತಗ್ಗಿಸಿ, ಸೋತವರ ಹಾಗಲ್ಲ, ಮಗುವನ್ನು ರಮಿಸುವವರ ಹಾಗೆ ನಕ್ಕರು.

"ನೋಡಿದ್ರಾ ಚಿಕ್ಕಮ್ಮ? ಇವ್ಳದು ಇದೇ. ಭಾಳ ಇಂಪಲ್ಸಿವ್. ಯೋಚ್ನೆ ಮಾಡೋದೇ ಇಲ್ಲ, ಬಾಯಿಗೆ ಬಂದಿದ್ದು ಅಂದ್ಬಿಡ್ತಾಳೆ."

ಚಿಕ್ಕಮ್ಮ ಹೌದೆನ್ನುವ ಹಾಗೆ ತಲೆಯಾಡಿಸಿ, ಸಕ್ಕರೆ ಅಚ್ಚೊಂದನ್ನು ಬಾಯಿಗೆ ಹಾಕಿಕೊಂಡರು.