ತಂಗಿ ಬಿಟ್ಟುಹೋದ ಮುಖ

ಕಲ್ಯಾಣದುರ್ಗದ ಕರಿಬಸಮ್ಮ, ಹಿಂದೂಪುರದ ವೀರಭದ್ರಮ್ಮ ಇಬ್ಬರೂ ಒಂದೇ ಬಸಿರಿನ ಅವಳಿಗಳು. ಕರಿಬಸಮ್ಮ ಒಂದು ಗಳಿಗೆ ಮುಂಚೆ ಹುಟ್ಟಿದಳಂತೆ, ಅಷ್ಟಕ್ಕೇ ಅಕ್ಕ ಅನ್ನಿಸಿಕೊಂಡಳು. ವೀರಭದ್ರಮ್ಮನನ್ನು ತವರಿನಲ್ಲಿ ಯಾರೂ ಪೂರ್ತಿ ಹೆಸರು ಹಿಡಿದು ಕರೆದದ್ದಿಲ್ಲ, ಈರಿ ಅಂದರೆ ಈರಿ. ಕುಂದುರ್ಪಿಯ ಆ ತವರುಮನೆಯಲ್ಲಿ ಒಬ್ಬಳಿಗೆ ಜ್ವರ ಬಂದರೆ ತಾಯಿ ದ್ರಾಕ್ಷಾಯಣಮ್ಮ ಇನ್ನೊಬ್ಬಳನ್ನು ಹಿಡಿದು ಕಷಾಯ ಕುಡಿಸಿಬಿಡುತ್ತಿದ್ದಳು. ಹೆತ್ತವಳಿಗೇ ಗುರುತು ಸಿಗದಷ್ಟು ಒಂದೇ ಮುಖ.

ಮದುವೆಯಾಗಿ ಇಬ್ಬರೂ ಬೇರೆ ಬೇರೆ ದಿಕ್ಕಾದರು. ಕರಿಬಸಮ್ಮನ ಗಂಡ ಮರುಳಸಿದ್ದಪ್ಪ ಕಲ್ಯಾಣದುರ್ಗದ ಮಗ್ಗುಲಲ್ಲೇ ಹೊಲ ಮಾಡಿಕೊಂಡಿದ್ದವನು. ಈರಿಯ ಗಂಡ ರೇವಣಪ್ಪನಿಗೆ ಹಿಂದೂಪುರದಲ್ಲಿ ಬೆಲ್ಲ, ಹುಣಸೆಹಣ್ಣಿನ ಮಂಡಿ. ಅಕ್ಕ ಬಿಸಿಲಲ್ಲಿ ದುಡಿದಳು, ತಂಗಿ ನೆರಳಲ್ಲಿ ಬಾಳಿದಳು. ಆದರೂ ಮುಖ ಮಾತ್ರ ಜೊತೆ ಬಿಡಲಿಲ್ಲ. ನಲವತ್ತು ದಾಟಿದ ಮೇಲೆ ಇಬ್ಬರಿಗೂ ಅಪ್ಪನ ತಾಯಿಯ ಕತ್ತು ಬಂತು. ದವಡೆಯ ಅಂಚು ಇಳಿದು, ಗದ್ದದ ಕೆಳಗೆ ತೊಗಲು ಹೋರಿಯ ಗಂಗೆದೊಗಲಿನಂತೆ ಜೋತುಬಿತ್ತು. ವರ್ಷಕ್ಕೊಮ್ಮೆ ಕೂಡಿದಾಗ ಒಬ್ಬರ ಕತ್ತನ್ನು ಒಬ್ಬರು ಚಿವುಟಿ, "ಅಜ್ಜಿ ಬಂದ್ಲು ಕಣೆ" ಅಂತ ಬಿದ್ದು ಬಿದ್ದು ನಗುತ್ತಿದ್ದರು. ಈರಿಯ ನಗುವೂ ತನ್ನ ನಗುವಿನ ಹಾಗೇ ಇದೆಯೆಂದು ಕರಿಬಸಮ್ಮ ನಂಬಿದ್ದಳು.

ಗಂಡುಮಕ್ಕಳಿಲ್ಲದ ದ್ರಾಕ್ಷಾಯಣಮ್ಮ ಕೊನೆಗಾಲದಲ್ಲಿ ಹಿರಿಮಗಳ ಮನೆ ಸೇರಿದ್ದಳು. ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಆ ವರ್ಷ ಮುಂಗಾರಿನಲ್ಲಿ ಹೊಟ್ಟೆಗೆ ನೀರು ತುಂಬಿಕೊಂಡು ಮಲಗಿದವಳು ಏಳಲಿಲ್ಲ. ಆಷಾಢದಲ್ಲಿ ಈರಿ ಬಂದು, ಅರ್ಧ ದಿನ ಮಂಚದ ಪಕ್ಕ ಕೂತು, ಕಣ್ಣೀರು ಹಾಕಿ ಹೋದಳು. ಶ್ರಾವಣದಲ್ಲಿ ಅಮ್ಮನ ಮಾತು ತೊದಲತೊಡಗಿದಾಗ ಕರಿಬಸಮ್ಮ ಹೊಲದ ಆಳು ಚೌಡಣ್ಣನನ್ನು ಬಸ್ಸು ಹತ್ತಿಸಿ ಹಿಂದೂಪುರಕ್ಕೆ ಕಳಿಸಿದಳು. ಚೌಡಣ್ಣ ಒಬ್ಬನೇ ವಾಪಸು ಬಂದ.

"ಈರಮ್ಮಾರಿಗೆ ಕಾಮಾಲೆಯಂತೆ ಕಣಮ್ಮ. ರೇವಣಪ್ಪಾರು ಪಡಸಾಲೇಲಿ ಕೂರಿಸಿ ಕಾಫಿ ಕೊಟ್ಟು ಯೋಳಿದ್ರು. ಹಾಸಿಗೆ ಬಿಟ್ಟು ಏಳಂಗಿಲ್ವಂತೆ, ಒಳಗೂ ಯಾರ್ನೂ ಬಿಡಂಗಿಲ್ವಂತೆ."

ಇಲ್ಲಿ ಅಮ್ಮ, ಅಲ್ಲಿ ಈರಿ. ಇಬ್ಬರೂ ಒಟ್ಟಿಗೇ ಹೊರಟುಬಿಟ್ಟರೆ ಏನು ಗತಿ? ಈರಿಗೆ ಏನೂ ಆಗದಿರಲಿ ಅಂತ ಕರಿಬಸಮ್ಮ ಮನೆದೇವರಿಗೆ ಮುಡಿಪು ಕಟ್ಟಿದಳು.

ಮಧ್ಯಾಹ್ನದ ಹೊತ್ತಿಗೆ ದ್ರಾಕ್ಷಾಯಣಮ್ಮನಿಗೆ ಒಂದಿಷ್ಟು ಎಚ್ಚರ ಬಂತು. "ಈರಿ ಬಂದ್ಲೇನೆ?" ಅಂತ ಕೇಳಿದಳು. "ಬತ್ತಾಳೆ ಕಣಮ್ಮ" ಅಂದಳು ಕರಿಬಸಮ್ಮ. ಅಮ್ಮ ಮತ್ತೆ ಕೇಳಿದಳು, ಮತ್ತೆ ಕೇಳಿದಳು. ಕೊನೆಗೆ ಕರಿಬಸಮ್ಮ ಎದ್ದು ಮಂಚದ ಆಚೆ ಮಗ್ಗುಲಿಗೆ ಹೋಗಿ ಕೂತಳು. "ಬಂದೆ ಕಣಮ್ಮ, ನಾನು, ಈರಿ" ಅಂದಳು. ಮುದುಕಿಯ ಕೈ ಮೇಲೆ ಬಂತು. ಕೆನ್ನೆ, ದವಡೆ, ಗದ್ದದ ಕೆಳಗಿನ ಜೋಲುತೊಗಲು ಎಲ್ಲವನ್ನೂ ನಿಧಾನವಾಗಿ ಸವರಿತು. "ಬಂದ್ಯಾ ತಾಯಿ" ಅಂದಳು. ಆಮೇಲೆ ಯಾರನ್ನೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಉಸಿರು ನಿಂತಿತು.

ಹಣೆಗೆ ವಿಭೂತಿ ಹಚ್ಚಿ, ಕೂರಿಸಿ, ಸಮಾಧಿ ಮಾಡಿದರು. ಈರಿ ಮಣ್ಣಿಗೂ ಬರಲಿಲ್ಲ. ಸಾಯುವವಳಿಗೆ ಸುಳ್ಳು ಹೇಳಿದೆನಲ್ಲ ಎಂಬುದು ಕರಿಬಸಮ್ಮನನ್ನು ಒಳಗೇ ಕೊರೆಯಿತು. ಈರಿಗೆ ಹೇಳಿ ಹಗುರಾಗಬಹುದಿತ್ತು. ಆದರೆ ಕಾಮಾಲೆಯಲ್ಲಿ ಬಳಲಿದವಳನ್ನು ಇನ್ನಷ್ಟು ನೋಯಿಸುವುದೇಕೆ ಅಂತ ಬಾಯಿ ಮುಚ್ಚಿಕೊಂಡಳು.

ಮಾಘದಲ್ಲಿ ರೇವಣಪ್ಪನ ತಮ್ಮನ ಮಗಳ ಮದುವೆಗೆ ಅವಳು ಹಿಂದೂಪುರಕ್ಕೆ ಹೋದಳು. ಬಾಗಿಲಲ್ಲಿ ನಿಂತ ತಂಗಿಯನ್ನು ನೋಡಿ ಅರೆಗಳಿಗೆ ಯಾರೋ ಅಂದುಕೊಂಡಳು. ಕತ್ತು ನುಣ್ಣಗೆ ನೆಟ್ಟಗಾಗಿತ್ತು, ದವಡೆ ಗೆರೆ ಎಳೆದ ಹಾಗಿತ್ತು. ಹೊಸ ಮಾದರಿಯಲ್ಲಿ ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು ಬಾಚಿಕೊಂಡಿದ್ದಳು. ಬಳೆ ತೊಡಿಸಲು ಬಂದ ಮುತ್ಯಾಲಮ್ಮ ಕರಿಬಸಮ್ಮನ ಕೈ ಹಿಡಿದವಳು ಪಕ್ಕದ ಈರಿಯ ಕಡೆ ನೋಡಿ, "ಈಮೆ ಮೀ ಕೂತುರಾ, ಅಮ್ಮಾ?" ಎಂದಳು. ಇವಳು ನಿಮ್ಮ ಮಗಳೇ ಅಂತ! ಕೂತಿದ್ದ ಹೆಂಗಸರೆಲ್ಲ ನಕ್ಕರು. ಈರಿಯೂ ನಕ್ಕಳು. ಇವಳು ನನ್ನ ಅವಳಿ ಅಕ್ಕ ಅಂತ ಅವಳ ಬಾಯಿಂದ ಬರುತ್ತದೆ ಅಂತ ಕರಿಬಸಮ್ಮ ಕಾದಳು. ಈರಿ ಬಳೆಯ ಬಣ್ಣ ಆರಿಸುತ್ತಿದ್ದಳು.

ಆಮೇಲೆ ಅಡುಗೆಮನೆಯಲ್ಲಿ ಕತ್ತು ಹಿಂಗಾದದ್ದು ಹೇಗೆಂದು ಅಕ್ಕ ಕೇಳಿದ್ದಕ್ಕೆ, "ಕಾಮಾಲೇಲಿ ಮೈಯೆಲ್ಲ ಇಳಿದೋತಲ್ಲಕ್ಕ, ಆಮ್ಯಾಕೆ ತೊಗಲು ಬಿಗಿ ಹಿಡ್ಕಂತು. ದಿನಾ ಬಾದಾಮಿ ಎಣ್ಣೆ ಹಚ್ಚಿ ಕೆಳಗಿಂದ ಮ್ಯಾಕೆ ತಿಕ್ಕು. ತಲೆಗೆ ದಿಂಬು ಇಕ್ಕಬ್ಯಾಡ" ಅಂದಳು.

ಕರಿಬಸಮ್ಮ ನಂಬಿದಳು. ಕಲ್ಯಾಣದುರ್ಗದಲ್ಲಿ ಬಾದಾಮಿ ಎಣ್ಣೆ ಸಿಗದೆ ಕಡಲೆಕಾಯಿ ಎಣ್ಣೆಯನ್ನೇ ತಿಕ್ಕಿದಳು. ದಿಂಬಿಲ್ಲದೆ ಮಲಗಿ ಕುತ್ತಿಗೆ ಹಿಡಿದುಕೊಂಡಿತು. "ಇದೇನಮ್ಮಿ, ಒಗ್ಗರಣೆ ಹಾಕಿದಂಗೆ ಘಮ್ ಅಂತೀಯ" ಅಂತ ಮರುಳಸಿದ್ದಪ್ಪ ನಕ್ಕ. ಅವಳು ನಾಚಿಕೊಂಡಳೇ ಹೊರತು ತಿಕ್ಕುವುದನ್ನು ಬಿಡಲಿಲ್ಲ.

ಅಮ್ಮನಿಲ್ಲದ ಮೊದಲ ಯುಗಾದಿಗೆ ಈರಿ ಕಲ್ಯಾಣದುರ್ಗಕ್ಕೆ ಬಂದಳು. ಹಬ್ಬದ ಬೆಳಿಗ್ಗೆ ಕರಿಬಸಮ್ಮ ಎಣ್ಣೆ ಬಟ್ಟಲು ಹಿಡಿದು, "ಬಾರೆ, ತಲೆಗೆ ಹಚ್ತೀನಿ" ಅಂದಳು. "ನಾನೇ ಹಚ್ಕತೀನಿ ಬಿಡಕ್ಕ" ಅಂದಳು ಈರಿ. ಕರಿಬಸಮ್ಮ ಬಿಡದೆ ಬಚ್ಚಲಲ್ಲಿ ಕೂರಿಸಿ, ಜಡೆ ಬಿಚ್ಚಿ, ನೆತ್ತಿಗೆ ಎಣ್ಣೆ ತಟ್ಟಿ, ಬೆರಳುಗಳನ್ನು ಕಿವಿಯ ಹಿಂದಕ್ಕೆ ಇಳಿಸಿದಳು. ಅಲ್ಲಿ ಏನೋ ತಡೆಯಿತು. ಕೂದಲು ಸರಿಸಿ ನೋಡಿದರೆ ಕಿವಿಯ ಬುಡದಿಂದ ಹಿಂದಲೆಯವರೆಗೆ ಉಬ್ಬಿದ ಕೆಂಪು ಗೆರೆ. ಇನ್ನೊಂದು ಕಡೆಯೂ ಹಾಗೇ.

"ಇದೇನೆ ಈರಿ, ಹೊಲ್ದಂಗೈತೆ?"

ಈರಿ ಕೈಯಿಂದ ಕಿವಿ ಮುಚ್ಚಿಕೊಂಡಳು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ತಿರುಗಿ ನೋಡದೆ, "ಆಪರೇಷನ್ ಮಾಡಿಸ್ಕಂಡೆ ಕಣಕ್ಕ. ಮದ್ರಾಸ್‌ನಾಗೆ" ಅಂದಳು.

"ಗಡ್ಡೆ ಏನಾರಾ ಆಗಿತ್ತಾ?"

"ಗಡ್ಡೆ ಅಲ್ಲ. ಕತ್ತು, ದವಡೆ ಬಿಗಿ ಮಾಡೋಕೆ. ಕಿವಿ ಹಿಂದೆ ಕುಯ್ದು, ತೊಗಲು ಎಳೆದು, ಮಿಕ್ಕಿದ್ದು ಕತ್ತರಿಸಿ ಹೊಲೀತಾರೆ. ಯುದ್ಧದಾಗೆ ಸುಟ್ಟೋದ ಸಿಪಾಯಿಗಳ ಮುಖ ಸರಿ ಮಾಡ್ತಿದ್ದ ಡಾಕ್ಟ್ರು. ಈಗ ಸಿನಿಮಾದೋರೆಲ್ಲ ಅವರತ್ರಕೇ ಹೋಯ್ತಾರೆ."

ಕರಿಬಸಮ್ಮನಿಗೆ ಮೊದಲು ಸಿಟ್ಟು ಬರಲಿಲ್ಲ. ಬಟ್ಟೆ ಹೊಲಿದಂತೆ ಮುಖವನ್ನೂ ಹೊಲಿಯುತ್ತಾರೆಯೇ ಅಂತ ಬೆರಗಾಗಿ ಆ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಕೈ ನಿಂತಿತು.

"ಯಾವಾಗ ಮಾಡಿಸ್ಕಂಡಿದ್ದು?"

ಈರಿ ಬಿಚ್ಚಿದ ಕೂದಲನ್ನು ಮುಂದಕ್ಕೆಳೆದುಕೊಂಡಳು.

"ಶ್ರಾವಣದಾಗಾ?" ಈರಿ ತಲೆ ತಗ್ಗಿಸಿದಳು. "ಅಂಗಾರೆ ಚೌಡಣ್ಣ ಬಂದಾಗ ನೀನು ಮದ್ರಾಸ್‌ನಾಗಿದ್ದೆ, ಅಲ್ವಾ?" ಹೌದು ಅನ್ನಲಿ ಅಂತಲೇ ಕರಿಬಸಮ್ಮ ಕೇಳಿದ್ದು.

"ಬಂದ್ಬುಟ್ಟಿದ್ದೆ ಅಕ್ಕ. ಒಳಕೋಣೇಲಿದ್ದೆ. ಅವನು ಅಮ್ಮನ ಇಚಾರ ಯೋಳಿದ್ದು ಎಲ್ಲಾ ಕೇಳಿಸ್ತು. ತಲೆ ಸುತ್ತ ಬಟ್ಟೆ ಕಟ್ಟಿದ್ರು. ಮುಖ ನೀಲಿಗಟ್ಟಿ ಊದ್ಕಂಡಿತ್ತು. ಆ ಮುಖ ಇಟ್ಕಂಡು ಹೆಂಗೆ ಬರ್ಲಿ? ಕಾಮಾಲೆ ಅನ್ನಿ ಅಂತ ನಾನೇ ಅವರಿಗಂದೆ."

"ಅಮ್ಮಂಗೆ ಕಣ್ಣು ಕಾಣ್ತಿರ್ಲಿಲ್ಲ ಕಣೆ" ಅಂದಳು ಕರಿಬಸಮ್ಮ.

ಅದಕ್ಕೆ ಈರಿ ಅತ್ತಳು. ಕರಿಬಸಮ್ಮ ಬಿಡಲಿಲ್ಲ. "ನಿನ್ನ ಗಂಡ ಏನಾರಾ ಅಂದ್ನಾ? ಬ್ಯಾರೆ ಯಾರಾರ ಆಡ್ಕಂಡ್ರಾ?"

"ಯಾರೂ ಏನೂ ಅನ್ಲಿಲ್ಲ. ನಿನ್ನ ನೋಡೇ ಕಣಕ್ಕ ತೀರ್ಮಾನ ಮಾಡಿದ್ದು. ಕನ್ನಡೀಲಿ ನೋಡ್ಕಂಡಾಗ ಅಷ್ಟೇನೂ ಅನ್ನಿಸ್ತಿರ್ಲಿಲ್ಲ. ನೀನು ಬಸ್ಸಿಳಿದು ನಡ್ಕಂಡು ಬತ್ತಿದ್ರೆ, ಅಯ್ಯೋ, ನಾನೂ ಜನರಿಗೆ ಹಿಂಗೇ ಕಾಣ್ತೀನಲ್ಲ ಅಂತ ಎದೆ ಹೊಡ್ಕಂತಿತ್ತು."

ಕರಿಬಸಮ್ಮ ಉಳಿದ ಎಣ್ಣೆಯನ್ನೂ ತಿಕ್ಕಿದಳು, ಸೀಗೆಪುಡಿ ಹಾಕಿದಳು, ಚೊಂಬಿನಲ್ಲಿ ಮೊಗೆದು ಮೊಗೆದು ನೀರು ಹೊಯ್ದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಇಷ್ಟು ವರ್ಷ ಕತ್ತು ಚಿವುಟಿ ನಗುವಾಗ ನಕ್ಕವಳು ತಾನೊಬ್ಬಳೇ, ತಂಗಿ ಹೇಸಿಕೊಳ್ಳುತ್ತಿದ್ದಳು ಎಂಬುದು ಅವಳಿಗೆ ಬಚ್ಚಲ ಹೊಗೆಯಲ್ಲಿ ನಿಂತು ಗೊತ್ತಾಯಿತು. ಹಬ್ಬ ಮುಗಿಸಿ ಬಸ್ಸು ಹತ್ತುವಾಗ ಈರಿ ಅವಳ ಕೈ ಹಿಡಿದುಕೊಂಡು, "ನೀನೂ ಬಾರಕ್ಕ, ನಾನೇ ಕರ್ಕಂಡೋಯ್ತೀನಿ. ಇಬ್ರೂ ಮೊದಲಿನಂಗೆ ಒಂದೇ ಥರ ಆಗೋಣ" ಅಂದಳು. ಕರಿಬಸಮ್ಮ ಕೈ ಬಿಡಿಸಿಕೊಂಡಳು.

ಬಿಡಿಸಿಕೊಂಡದ್ದೇನೋ ನಿಜ, ಆದರೆ ಆ ಮಾತು ಮನಸ್ಸಿಗೆ ಅಂಟಿಕೊಂಡಿತು. ಕನ್ನಡಿ ಮುಂದೆ ನಿಂತು ಎರಡು ಅಂಗೈಯಲ್ಲೂ ದವಡೆಯನ್ನು ಹಿಂದಕ್ಕೆ ಒತ್ತಿ ಹಿಡಿದರೆ ಅಲ್ಲಿ ಈರಿ ಕಾಣುತ್ತಿದ್ದಳು. ಕೈ ಬಿಟ್ಟರೆ ಈರಿ ಬೇಡವೆಂದು ಬಿಟ್ಟುಹೋದ ಮುಖ. ತಂಗಿಯ ಮೇಲಿನ ಸಿಟ್ಟು ಆರಿರಲಿಲ್ಲ. ಆದರೂ ಇಬ್ಬರದ್ದೂ ಆಗಿದ್ದ ಮುಖವನ್ನು ಇನ್ನು ಒಬ್ಬಳೇ ಹೊತ್ತುಕೊಂಡು ತಿರುಗಬೇಕಲ್ಲ ಎಂಬುದು ಸಿಟ್ಟಿಗಿಂತ ಭಾರವಾಗಿತ್ತು. ಒಂದು ಸಂಜೆ ಗಂಡನ ಮುಂದೆ ಎಲ್ಲವನ್ನೂ ಹೇಳಿ, "ನಾನೂ ಮಾಡಿಸ್ಕಳ್ಳಾನ ಅಂತಿದೀನಿ" ಅಂದಳು.

ಮರುಳಸಿದ್ದಪ್ಪ ತುಸು ಹೊತ್ತು ಹೆಂಡತಿಯ ಮುಖ ನೋಡಿದ. "ನಂಗೆ ನೀನು ಹಿಂಗೇ ಸಾಕು. ನಿಂಗೆ ಸಾಲ್ದು ಅಂದ್ರೆ ಹೋಗ್ಬಾ, ನಾನು ಬ್ಯಾಡ ಅನ್ನಾಕಿಲ್ಲ" ಅಂದ. ಅವಳು ಹೋಗುವುದೆಂದು ನಿಶ್ಚಯಿಸಿದಳು.

ಅಕ್ಕತಂಗಿಯರು ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿನ ಮೇಲೆ ಮದ್ರಾಸಿಗೆ ಹೋದರು. ದಾರಿಯುದ್ದಕ್ಕೂ ಈರಿ ಕಿತ್ತಲೆ ಸುಲಿದು ಕೊಡುತ್ತ ಮೊದಲಿನ ಹಾಗೇ ವಟಗುಟ್ಟಿದಳು. ಕೇಳುತ್ತ ಕೇಳುತ್ತ ಕರಿಬಸಮ್ಮನ ಮನಸ್ಸೂ ಸ್ವಲ್ಪ ಮೆತ್ತಗಾಯಿತು.

ಡಾಕ್ಟರು ನರೆತ ಮೀಸೆಯ, ಮೆಲುಮಾತಿನ ಮನುಷ್ಯ. ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಗದ್ದದ ಕೆಳಗಿನ ತೊಗಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಮಾಡಬಹುದು ಅಂತ ತೆಲುಗಿನಲ್ಲಿ ಹೇಳಿದರು. ಮನೆ ಸೇರಿದ ಮೇಲೂ ಊತ ಇಳಿಯುವವರೆಗೆ ಕೆಲವು ವಾರ ಹೊರಗೆ ತಿರುಗಾಡಬಾರದು, ಪ್ರಯಾಣ ಮಾಡಬಾರದು ಅಂತಲೂ ಹೇಳಿದರು.

"ಅದಕ್ಕೇ ಎಲ್ಲರನ್ನೂ ಮೊದಲೇ ಒಂದು ಮಾತು ಕೇಳುತ್ತೇನಮ್ಮ. ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಯಾರಾದರೂ ಇದ್ದಾರೆಯೇ? ನಡುವೆ ಕರೆ ಬಂದರೆ ನೀವು ಹೋಗಲಾರಿರಿ. ಹಾಗಿದ್ದರೆ ಈಗ ಬೇಡ, ಆಮೇಲೆ ಬನ್ನಿ ಎನ್ನುತ್ತೇನೆ." ಈರಿಯ ಕಡೆ ಕೈ ತೋರಿಸಿ ನಕ್ಕು, "ನಿಮಗೂ ಆ ಯೋಚನೆ ಇಲ್ಲವಲ್ಲ. ನಿಮ್ಮ ತಾಯಿ ನೀವು ಚಿಕ್ಕವರಿದ್ದಾಗಲೇ ತೀರಿಕೊಂಡರೆಂದು ಇವರು ತಮ್ಮ ಆಪರೇಷನ್ನಿಗೆ ಬಂದಾಗಲೇ ಹೇಳಿದ್ದರು" ಎಂದರು.

ಕರಿಬಸಮ್ಮ ತಂಗಿಯನ್ನು ನೋಡಿದಳು. ಈರಿ ನೆಲ ನೋಡುತ್ತಿದ್ದಳು.

"ನಮ್ಮಮ್ಮ ಹೋಗಿದ್ದು ಹೋದ ಶ್ರಾವಣದಾಗೆ ಸ್ವಾಮಿ" ಅಂದಳು ಕರಿಬಸಮ್ಮ. ಸೆರಗು ಹೊದ್ದು ಎದ್ದು, ಡಾಕ್ಟರಿಗೆ ಕೈಮುಗಿದು ಹೊರಗೆ ನಡೆದಳು.

ಈರಿ ಜಗಲಿಯವರೆಗೆ ಓಡಿಬಂದಳು. "ಅಮ್ಮಂಗೆ ಹುಷಾರಿಲ್ಲ ಅಂದಿದ್ರೆ ಅವರು ಆಗಾಕಿಲ್ಲ ಅಂತಿದ್ರಕ್ಕ. ಅಷ್ಟು ಬೇಗ ಹೋಯ್ತಾಳೆ ಅಂತ ನಂಗೇನು ಗೊತ್ತಿತ್ತು?"

"ಆಷಾಢದಾಗೆ ಮಂಚದತ್ರ ಕೂತು ಅತ್ಯಲ್ಲ, ಆವಾಗ್ಲೇ ಮದ್ರಾಸಿಗೆ ಹೊಂಟಿದ್ದೆ ಅಲ್ವಾ?"

ಈರಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕರಿಬಸಮ್ಮ ಇದುವರೆಗೆ ಬಚ್ಚಿಟ್ಟುಕೊಂಡಿದ್ದನ್ನು ಆಗ ಹೇಳಿದಳು. "ಅಮ್ಮ ನಿನ್ನೇ ಕೇಳ್ತಿದ್ಲು. ನಾನೇ ಈರಿ ಅಂತ ಯೋಳಿ ಮುಂದೆ ಕೂತೆ. ನನ್ನ ಕತ್ತು ಸವರಿ, ನೀನು ಬಂದೆ ಅಂದ್ಕಂಡೇ ಹೋದ್ಲು. ನೀನು ಜೀವದಿಂದಿರೋ ಅಮ್ಮನ್ನೇ ಸಾಯಿಸ್ಬುಟ್ಟು ಈ ಕತ್ತು ತಗದಾಕ್ಸಿದ್ದೆ."

ಈರಿ ಅಲ್ಲೇ ಕುಸಿದು ಕೂತಳು. ಬೇರೆ ದಿನವಾಗಿದ್ದರೆ ಕರಿಬಸಮ್ಮ ಅವಳ ಬೆನ್ನು ಸವರುತ್ತಿದ್ದಳು. ಅವತ್ತು ದಾರಿಯಲ್ಲಿ ಹೋಗುವವರನ್ನು ನೋಡುತ್ತ ನಿಂತಿದ್ದಳು. ವಾಪಸು ಒಂದೇ ರೈಲಿನಲ್ಲಿ ಬಂದರು, ಮಾತಿಲ್ಲದೆ. ಹಿಂದೂಪುರದಲ್ಲಿ "ಮನೆಗೆ ಬಂದು ಕೈಕಾಲು ತೊಳ್ಕಂಡು ಹೋಗಕ್ಕ" ಅಂತ ಈರಿ ಕರೆದದ್ದಕ್ಕೆ ತಲೆಯಾಡಿಸಿ ಕರಿಬಸಮ್ಮ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಆಪರೇಷನ್ನಿನ ಮಾತನ್ನು ಮತ್ತೆ ಎತ್ತಲಿಲ್ಲ. ಮನೆಗೆ ಬಂದವಳ ಮುಖ ನೋಡಿ ಮರುಳಸಿದ್ದಪ್ಪನೂ ಕೇಳಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಅಮ್ಮನ ವರ್ಷದ ಪುಣ್ಯತಿಥಿ ಬಂತು. ಈರಿ ಬೆಳಿಗ್ಗೆಯ ಬಸ್ಸಿಗೇ ಬಂದು ಸಮಾಧಿಯ ಮೇಲೆ ಹೂವಿಟ್ಟು, ಬಿಲ್ವಪತ್ರೆ ಏರಿಸಿ, ಬಿಕ್ಕಿ ಬಿಕ್ಕಿ ಅತ್ತಳು. ಕರಿಬಸಮ್ಮ ಅವಳನ್ನು ಏನೂ ಅನ್ನಲಿಲ್ಲ. ಜಂಗಮರ ಪೂಜೆ, ಊಟ ಮುಗಿದ ಮೇಲೆ ಮನೆಯವರ ಎಲೆ ಹಾಕುವ ಹೊತ್ತಾಯಿತು. ಮದುವೆಯಾದ ಮೇಲೂ ತವರಿನ ಯಾವ ಕಾರ್ಯವಾಗಲಿ, ಅಕ್ಕತಂಗಿಯರು ಕೊನೆಗೆ ಒಲೆಯ ಮುಂದೆ ಕೂತು ಒಂದೇ ತಟ್ಟೆಯಲ್ಲಿ ಕಲಸಿಕೊಂಡು ಉಣ್ಣುತ್ತಿದ್ದರು. ಈರಿ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೊರಟಳು. ಕರಿಬಸಮ್ಮ ಅಡ್ಡ ಬಂದು, ಪಡಸಾಲೆಯಲ್ಲಿ ಮಣೆ ಹಾಕಿ, ಮುಂದೆ ಬಾಳೆಎಲೆ ಹಾಸಿ, ಲೋಟದಲ್ಲಿ ನೀರಿಟ್ಟಳು.

"ನಂಗ್ಯಾಕಕ್ಕ ಮಣೆ? ನಾನೇನು ನೆಂಟಳಾ?"

"ದೂರದಿಂದ ಬಂದಿದ್ದೀಯ, ಕೂತ್ಕ" ಅಂದಳು ಕರಿಬಸಮ್ಮ. ಹೋಳಿಗೆ ಬಡಿಸಿದಳು, ಮೇಲೆ ಧಾರಾಳವಾಗಿ ತುಪ್ಪ ಹಾಕಿದಳು. ನೆಂಟರಿಗೆ ಮಾಡುವಂತೆಯೇ, ಇನ್ನೊಂದು ಹಾಕಿಸಿಕೊಳ್ಳಿ ಅಂತ ಉಪಚಾರವನ್ನೂ ಮಾಡಿದಳು. ಈರಿ ಎಲೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದಳು.