ರೆಕ್ಕೆಯ ಬುಡದ ಗಾಳಿ

ಮುಂದೆ ಸಾಗುವ ವಿಮಾನವನ್ನು ಗಾಳಿ ಹಿಂದಕ್ಕೆ ಜಗ್ಗುತ್ತದೆ. ಆ ಎಳೆತವನ್ನು ಕಡಿಮೆ ಮಾಡುವುದು ನನ್ನ ವೃತ್ತಿ. ದೊಡ್ಡ ವಿಮಾನಗಳ ವಿನ್ಯಾಸ ಕಚೇರಿಯಲ್ಲಿ ಹಲವು ವರ್ಷ ಇದ್ದೆ. ಅಲ್ಲಿ ರೆಕ್ಕೆ ಒಡಲಿಗೆ ಸೇರುವ ಮೂಲೆಯ ತಿರುವೊಂದನ್ನು ತಿದ್ದಿದೆ. ಆ ತಿರುವು ಇಂದಿಗೂ ವಿಮಾನಗಳಲ್ಲಿ ಹಾರುತ್ತಿದೆ. ಪ್ರಯಾಣಿಕರು ಯಾರೂ ಅದನ್ನು ಗಮನಿಸಿರಲಾರರು, ಗಮನಿಸಬೇಕಾಗಿಯೂ ಇಲ್ಲ.

ಆಮೇಲೆ ಗಂಗಾವತಿಗೆ ಮರಳಿ, ಯಲಬುರ್ಗಾದವನಾದ ಕಿರಿಯ ಎಂಜಿನಿಯರೊಬ್ಬನ ಜೊತೆ ಚಾಲಕರಿಲ್ಲದ ಸಣ್ಣ ವಿಮಾನಗಳನ್ನು ಮಾಡತೊಡಗಿದೆ. ಮೋಟಾರು, ಬ್ಯಾಟರಿ ಅವನ ಪಾಲು, ಆಕಾರ ನನ್ನದು. ಮೊದಲ ಕೆಲಸ ಕೊಟ್ಟವರು ಶ್ರೀರಾಮನಗರದ ಭತ್ತದ ರೈತರು. ಕಾಲುವೆಯ ನೀರು ಕೊನೆಯ ಗದ್ದೆಗಳನ್ನು ತಲುಪದೆ ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ಮೇಲಿನಿಂದ ಚಿತ್ರ ತೆಗೆದು ತೋರಿಸಬೇಕಿತ್ತು.

ಮೊದಲ ಹಾರಾಟದಲ್ಲಿ ನಮ್ಮ ವಿಮಾನ ಕಾಲುವೆಯ ತುದಿಯನ್ನು ಮುಟ್ಟಲೇ ಇಲ್ಲ. ಬ್ಯಾಟರಿ ಮುಗಿಯುತ್ತ ಬಂದು ಕೆಸರುಗದ್ದೆಯಲ್ಲಿ ಇಳಿಯಿತು. ರೈತರಲ್ಲಿ ಹಿರಿಯರೊಬ್ಬರು ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದುಕೊಟ್ಟು, “ಇನ್ನೊಮ್ಮಿ ನೋಡ್ರಿ. ನಮಗೇನೂ ಬ್ಯಾಸರ ಇಲ್ಲ” ಎಂದರು.

ನನ್ನ ಜೊತೆಯ ಎಂಜಿನಿಯರ್ ಹುಡುಗನ ಮುಖ ಬಾಡಿತ್ತು. “ದೊಡ್ಡ ಬ್ಯಾಟರಿ ಹಾಕೂಣ್ರಿ ಅಕ್ಕಾ. ಬ್ಯಾರೆ ದಾರಿ ಇಲ್ಲ.”

“ಬ್ಯಾಟರಿ ದೊಡ್ಡದಾದ್ರ ತೂಕ ಹೆಚ್ಚಾಗತೈತಿ ತಮ್ಮಾ. ಅದನ್ನ ಎತ್ತಾಕ ಮತ್ತಷ್ಟು ಶಕ್ತಿ ಬೇಕು. ಮೊದಲ ಗಾಳಿ ಎಲ್ಲಿ ಜಗ್ಗಾಕತ್ತೈತಿ ನೋಡೂಣು.”

“ಇಷ್ಟು ಸಣ್ಣ ವಿಮಾನಕ್ಕ ಅದರಿಂದ ಏನ್ ಫರಕ್ ಬೀಳತೈತ್ರಿ?”

“ಭಾಳ ಬೀಳತೈತಿ.”

ನನಗೆ ಅನುಮಾನವಿರಲಿಲ್ಲ. ಗಾಳಿಯ ಹರಿವು ಕಣ್ಣಿಗೆ ಕಾಣಲೆಂದು ರೆಕ್ಕೆಯ ಮೇಲೆಲ್ಲ ಉಣ್ಣೆಯ ಚಿಕ್ಕ ಎಳೆಗಳನ್ನು ಅಂಟಿಸಿ, ಬಾಲಕ್ಕೆ ಪುಟ್ಟ ಕ್ಯಾಮೆರಾ ಕಟ್ಟಿ, ಇರಕಲ್ಲಗಡದ ಆಚೆಯ ಬಯಲಿನಲ್ಲಿ ಹಾರಿಸಿದೆವು. ವಿಡಿಯೋ ನೋಡಿದರೆ, ರೆಕ್ಕೆಯ ಉದ್ದಕ್ಕೂ ಎಳೆಗಳು ಹಿಂದಕ್ಕೆ ನೆಟ್ಟಗೆ ಮಲಗಿದ್ದವು. ರೆಕ್ಕೆ ಒಡಲಿಗೆ ಸೇರುವಲ್ಲಿ ಮಾತ್ರ ತಿರುಗಿ ಮುಂದಕ್ಕೆ ಬಡಿದುಕೊಳ್ಳುತ್ತಿದ್ದವು. ಗಾಳಿ ಅಲ್ಲಿ ವಿಮಾನದ ಮೈ ಬಿಟ್ಟು ಸುಳಿಯಾಗುತ್ತಿತ್ತು. ಆ ಮೂಲೆ ನನಗೆ ಹಳೆಯ ಪರಿಚಯ. ಒಳಗೊಳಗೇ ಖುಷಿಯಾಯಿತು.

ಹುಡುಗ ಅದನ್ನು ಮತ್ತೆ ಮತ್ತೆ ನೋಡಿದ. “ಖರೇನ ಐತಿ. ಈಗ ಏನ್ ಮಾಡೂಣು, ಹೇಳ್ರಿ” ಎಂದ.

ಹಿಂದಕ್ಕೆ ಹೋದಂತೆ ಸಪೂರವಾಗುವ ಥರ್ಮಾಕೋಲಿನ ತುಂಡುಗಳನ್ನು ಕೊರೆದು ಎರಡೂ ಮೂಲೆಗಳಿಗೆ ತುಂಬಿದೆ. ಮೊದಲ ಸಲ ಗಿಡ್ಡವಾಯಿತು, ಎಳೆಗಳು ಇನ್ನೂ ನಡುಗುತ್ತಿದ್ದವು. ಉದ್ದ ಮಾಡಿ, ಸ್ಯಾಂಡ್ ಪೇಪರಿನಿಂದ ಉಜ್ಜಿ ಮತ್ತೆ ಹಾರಿಸಿದಾಗ ತಣ್ಣಗೆ ಮಲಗಿದವು. ಗಾಳಿಗೆ ಅಡ್ಡವಾಗಿ ಕೆಳಗೆ ಜೋತುಬಿದ್ದ ಗಾಲಿಗಳನ್ನು ತೆಗೆದುಹಾಕಿದೆವು. ಹುಲ್ಲಿನ ಮೇಲೆ ಹೊಟ್ಟೆಯೂರಿ ಇಳಿದರೆ ಸಾಕು. ಸಂದುಗಳಿಗೆಲ್ಲ ಹುಡುಗನೇ ಟೇಪು ಸುತ್ತಿದ.

ಶ್ರೀರಾಮನಗರದಲ್ಲಿ ಎರಡನೆಯ ಸಲ ಕೈಯಿಂದ ತೂರಿಬಿಟ್ಟಾಗ ವಿಮಾನ ಕಾಲುವೆಯ ತುದಿಯವರೆಗೆ ಹೋಗಿ, ತಿರುಗಿ, ನಾವು ನಿಂತಲ್ಲಿಗೇ ಬಂದಿಳಿಯಿತು. “ಇನ್ನೂ ಚಾರ್ಜ್ ಉಳದೈತ್ರಿ ಅಕ್ಕಾ” ಎಂದು ಹುಡುಗ ನಕ್ಕ.

ಚಿತ್ರಗಳಲ್ಲಿ ಒಂದು ಸೇತುವೆಯ ಪಕ್ಕದಲ್ಲೇ ನೀರಿಗೆ ಅಡ್ಡ ಬಿದ್ದ ಮುರಿದ ಜಾಲಿಗಿಡವೂ ಅದಕ್ಕೆ ಸಿಕ್ಕಿಕೊಂಡ ಜೊಂಡೂ ಕಂಡವು. ಅದನ್ನು ತೆಗೆಯಲು ಹಿರಿಯರು ನಾಲ್ಕು ಜನರನ್ನು ಕರೆದುಕೊಂಡು ಆಗಲೇ ಹೊರಟರು. ಮರುದಿನ ಫೋನ್ ಮಾಡಿ, “ಕಡೀ ಗದ್ದಿಗೆ ನೀರು ಬಂದೈತ್ರಿ. ಕುಷ್ಟಗಿ ಕಡೆ ನಮ್ಮ ಬೀಗರು ಒಂದು ಕೆರಿ ಹಿಂಗ ಮ್ಯಾಲಿಂದ ತೋರಿಸಬೇಕಂತಾರ, ಆಗತೈತೇನ್ರಿ?” ಎಂದು ಕೇಳಿದರು.

“ಆಗತೈತ್ರಿ, ಬರತೀವಿ” ಎಂದೆ. ಆ ಹೊತ್ತಿಗೆ ನಾನು ವಿಮಾನದ ಬಾಲದ ಬುಡದ ಆಕಾರ ತಿದ್ದಲು ಕೂತಾಗಿತ್ತು.