ನಾಳೆ ಬರೆಯುತ್ತೇನೆ ಎಂದವರು

ಆಸ್ಪತ್ರೆಯೆಂದರೆ ವೈದ್ಯರು, ದಾದಿಯರು, ಔಷಧಿಯ ವಾಸನೆ ಎಂದಷ್ಟೇ ಬಲ್ಲವರಿಗೆ ಅದೇ ಕಟ್ಟಡದ ನೆಲಮಹಡಿಯಲ್ಲಿ ಪ್ರೋಗ್ರಾಮ್ ಬರೆಯುವವರ ವಿಭಾಗವೊಂದಿದೆ ಎಂಬುದು ಗೊತ್ತಿರಲಾರದು. ರಕ್ತಪರೀಕ್ಷೆಯ ಫಲಿತಾಂಶ ತಪ್ಪದೆ ವಾರ್ಡು ತಲುಪುವುದು, ಉಗ್ರಾಣದಲ್ಲಿ ಯಾವ ಔಷಧ ಮುಗಿಯುತ್ತ ಬಂತೆಂದು ಮೊದಲೇ ತಿಳಿಯುವುದು ಈ ವಿಭಾಗದ ದೆಸೆಯಿಂದ. ಇಂಥ ಕೆಲಸಕ್ಕೆ ನಮ್ಮಲ್ಲಿ ಸರಿಯಾದ ಹುದ್ದೆಯೇ ಇಲ್ಲದಿದ್ದ ಕಾಲದಲ್ಲಿ ಕಾಲಿಟ್ಟು, ಅದಕ್ಕೊಂದು ಘನತೆ ತಂದುಕೊಟ್ಟು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮುಖ್ಯಸ್ಥೆಯನ್ನು ಹಿರಿಯ ವೈದ್ಯರಿಂದ ಹಿಡಿದು ಲಿಫ್ಟ್ ನಡೆಸುವವರ ತನಕ ಎಲ್ಲರೂ ‘ಕಂಪ್ಯೂಟರ್ ಅಕ್ಕ’ ಎಂದೇ ಕರೆಯುತ್ತಾರೆ. ಅವರ ಕೈಕೆಳಗೆ ಪಳಗಿದ ನನಗೂ ಅವರು ಅಕ್ಕನೇ.

ನಾನು ಸೇರಿದಾಗ ನಮಗಿದ್ದುದು ಎಕ್ಸ್‌ರೇ ವಿಭಾಗದವರು ಬಿಟ್ಟುಹೋದ, ಕಿಟಕಿಯಿಲ್ಲದ ಕೋಣೆ. ಅದರ ಬಾಗಿಲು ಎಷ್ಟು ಭಾರವೆಂದರೆ ತಳ್ಳಿಕೊಂಡು ಒಳಬಂದವರು ಮೊದಲು ಉಸಿರು ಬಿಟ್ಟು ಆಮೇಲೆ ಮಾತಾಡುತ್ತಿದ್ದರು. ಪ್ರೋಗ್ರಾಮ್ ಮುಗ್ಗರಿಸಿದರೆ ಕೇಳೋಣವೆಂದರೆ ಊರಿನಲ್ಲಿ ಬಲ್ಲವರಿರಲಿಲ್ಲ. ಅಕ್ಕ ಮೇಲಿನವರ ಬೆನ್ನು ಬಿದ್ದು, ಊರಿನಲ್ಲಿ ಆಗ ಬೇರೆಲ್ಲೂ ಇರದಿದ್ದ ಅಂತರ್ಜಾಲದ ಸಂಪರ್ಕ ತರಿಸಿದರು; ಪ್ರೋಗ್ರಾಮರುಗಳು ತಾವೇ ಸೇರಿ ನಡೆಸುವ ಚರ್ಚಾ ಗುಂಪುಗಳನ್ನು ನಮಗೆ ತೋರಿಸಿದರು. ತೊಡಕನ್ನು ಅಲ್ಲಿ ಬರೆದಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮುಖ ಕಾಣದ ಯಾರೋ ಪರಿಹಾರ ಬರೆದಿರುತ್ತಿದ್ದರು. ಆದರೆ ಅಕ್ಕನದೊಂದು ಕಟ್ಟಪ್ಪಣೆ: ಒಂದು ಕೇಳಿದವರು ಬೇರೆಯವರ ಒಂದು ಪ್ರಶ್ನೆಗಾದರೂ ಉತ್ತರಿಸಬೇಕು. “ಬರೀ ಕೇಳ್ಕೊಂಡು ಬರೋದು, ಉಂಡ ತಟ್ಟೆ ತೊಳೀದೆ ಎದ್ದ ಹಾಗೆ” ಎನ್ನುತ್ತಿದ್ದರು.

ಹಾಗೆ ಅವರು ಉತ್ತರಿಸುತ್ತಿದ್ದವರಲ್ಲಿ ‘ಬಡಗಿ’ ಎಂದು ಬರೆದುಕೊಳ್ಳುವವರೊಬ್ಬರಿದ್ದರು. ಮರಗೆಲಸದವರಂತೆ, ಕೈಯ ಕಸುವು ಕುಂದಿದ ಮೇಲೆ ಈ ವಿದ್ಯೆಗೆ ಬಂದವರಂತೆ. ಎಲ್ಲಿಯವರೋ ತಿಳಿಯದು. ಅಕ್ಕ ಅವರಿಗೆ ತಂಗಿ ಅಣ್ಣನಿಗೆ ಹೇಳಿಕೊಡುವಂತೆ ಸಲುಗೆಯಿಂದ, ತಾಳ್ಮೆಯಿಂದ ಹೇಳಿಕೊಡುತ್ತಿದ್ದರು.

ಆಗಲೇ ಆ ಅವಘಡ ನಡೆಯಿತು. ಎತ್ತರದ ಆಳೆಂದು ನಾವು ‘ಕೊಕ್ಕರೆ’ ಎನ್ನುತ್ತಿದ್ದ ಸಹೋದ್ಯೋಗಿ, ಬಗೆಹರಿಯದ ಪ್ರೋಗ್ರಾಮೊಂದನ್ನು ಗುಂಪಿನಲ್ಲಿ ಹಾಕುವಾಗ ಅದರೊಡನೆ ಕೆಲವು ರೋಗಿಗಳ ಹೆಸರು, ಕಾಯಿಲೆ ಎಲ್ಲವೂ ಹೋಗಿಬಿಟ್ಟಿತು. ಅಕ್ಕ ಕೂಡಲೇ ಅದನ್ನು ತೆಗೆಸಿದರಾದರೂ ಸುದ್ದಿ ಮೇಲಕ್ಕೆ ಮುಟ್ಟಿತು. ಆಡಳಿತಾಧಿಕಾರಿಗಳು ಕೆಂಡವಾದರು, ಅವರ ಸಿಟ್ಟು ನ್ಯಾಯವಾದದ್ದೇ. ಮಾಡಿದವರು ಯಾರೆಂದು ನಮ್ಮೆಲ್ಲರನ್ನೂ ನಿಲ್ಲಿಸಿ ಕೇಳಿದಾಗ ಅಕ್ಕ ಮುಂದೆ ಬಂದರು.

“ಕೇಳಿ ಅಂತ ಹೇಳಿಕೊಟ್ಟವಳು ನಾನು, ಸರ್. ಯಾವುದನ್ನ ಮುಚ್ಚಿಟ್ಟು ಕೇಳಬೇಕು ಅನ್ನೋದನ್ನ ಹೇಳಿಕೊಡಲಿಲ್ಲ. ತಪ್ಪು ನಂದೇ.”

ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಕೊಕ್ಕರೆಯ ಕೆಲಸ ಉಳಿಯಿತು. ಚರ್ಚಾ ಗುಂಪುಗಳ ಸಂಪರ್ಕವನ್ನು ಮಾತ್ರ ಅಂದೇ ಕಡಿದುಹಾಕಿದರು.

ಅಕ್ಕ ಬಡ್ತಿಯ ಮಾತೆತ್ತಲಿಲ್ಲ. ಸಂಪರ್ಕ ಕಡಿದ ಹಿಂದಿನ ದಿನ ಬಡಗಿಯ ಪ್ರಶ್ನೆಯೊಂದಕ್ಕೆ ಅರ್ಧ ಉತ್ತರಿಸಿ, ಉಳಿದದ್ದು ನಾಳೆ ಬರೆಯುತ್ತೇನೆ ಎಂದಿದ್ದರು. ಅದೊಂದೇ ಅವರನ್ನು ಕೊರೆಯಿತು. ನನ್ನನ್ನೂ ಕರೆದುಕೊಂಡು ಆಡಳಿತಾಧಿಕಾರಿಗಳ ಬಳಿ ಹೋಗಿ, ಇನ್ನು ಬರಲಾಗುವುದಿಲ್ಲ ಎಂದು ಬಡಗಿಗೆ ತಿಳಿಸುವಷ್ಟಕ್ಕಾದರೂ ಬಿಡಿ ಎಂದು ಕೇಳಿಕೊಂಡರು.

“ಯಾರಮ್ಮ ಅವರು?”

“ಗೊತ್ತಿಲ್ಲ, ಸರ್. ಮಾತು ಕೊಟ್ಟಿದೀನಿ.”

ಅಧಿಕಾರಿಗಳು ನಗಲಿಲ್ಲ, ಒಬ್ಬರಿಗೆ ತೆರೆದರೆ ಎಲ್ಲರಿಗೂ ತೆರೆಯಬೇಕಾಗುತ್ತದೆ ಎಂದು ಬೇಸರದಿಂದಲೇ ಕಳಿಸಿಕೊಟ್ಟರು.

ಮುಂದಿನ ವರ್ಷಗಳಲ್ಲಿ ನಮ್ಮ ಕೆಲಸವೇನೂ ನಿಲ್ಲಲಿಲ್ಲ. ಕೈಪಿಡಿಗಳ ರಾಶಿಯಲ್ಲಿ ತಲೆ ಹುದುಗಿಸಿ ನಾವು ನಾವೇ ಗುದ್ದಾಡಿದೆವು. ಆದರೆ ಊಟ ಮುಗಿಸಿ ಬಂದು ಅಭ್ಯಾಸಬಲದಿಂದ ಯಂತ್ರದ ಮುಂದೆ ಕುಳಿತು, ಕೀಲಿಗಳ ಮೇಲೆ ಬೆರಳಿಟ್ಟು, ಆಮೇಲೆ ನೆನಪಾಗಿ ಕೈ ತೆಗೆಯುವ ಅಕ್ಕನನ್ನು ನೋಡಲಾಗುತ್ತಿರಲಿಲ್ಲ. “ಅಲ್ಲಿ ಈಗ ಏನ್ ಮಾತಾಡ್ತಿರಬಹುದು?” ಎಂದು ಒಮ್ಮೆ ಕೇಳಿದರು, ತವರಿನ ಸುದ್ದಿ ಕೇಳುವವರ ಹಾಗೆ.

ಅವರು ಸುಮ್ಮನೆಯೂ ಕೂರಲಿಲ್ಲ. ಯಾವುದನ್ನು ಹೊರಗೆ ಕಳಿಸುವ ಮೊದಲೂ ನಿಜವಾದ ಹೆಸರು, ಕಾಯಿಲೆಗಳನ್ನು ಅಳಿಸಿ ಕಲ್ಪಿತವಾದವನ್ನು ತುಂಬುವ ಪ್ರೋಗ್ರಾಮೊಂದನ್ನು ಕೊಕ್ಕರೆಯಿಂದಲೇ ಬರೆಸಿದರು. ಅದನ್ನು ನಾನಾ ಬಗೆಯಲ್ಲಿ ಪರೀಕ್ಷಿಸಿ ನೋಡಿದ ಅದೇ ಆಡಳಿತಾಧಿಕಾರಿಗಳು ಕಡೆಗೂ ಸಂಪರ್ಕವನ್ನು ಮರಳಿ ಕೊಡಲು ಒಪ್ಪಿದರು. ಹೊರಡುವಾಗ, “ನಿಮ್ಮ ಬಡಗಿಗೆ ಈಗ ಬರೀರಿ” ಎಂದರು.

ಅಕ್ಕ ಮೊದಲು ಹುಡುಕಿದ್ದು ಅದನ್ನೇ. ಬಡಗಿಯ ಪ್ರಶ್ನೆಗೆ ಯಾರೋ ಮರುದಿನವೇ ಪೂರ್ತಿ ಉತ್ತರ ಬರೆದಿದ್ದರು. ಅಕ್ಕ ಮೆಲ್ಲಗೆ ನಕ್ಕರು. ಅದರ ಕೆಳಗೆ, ತಿಂಗಳುಗಳು ಕಳೆದ ಮೇಲೆ ಬಡಗಿ ಬರೆದ ಸಾಲುಗಳಿದ್ದವು: ಉತ್ತರ ಬೇರೆಯವರಿಂದ ತಿಳಿಯಿತು, ನಾಳೆ ಬರೆಯುತ್ತೇನೆ ಎಂದವರು ಮತ್ತೆ ಬರಲೇ ಇಲ್ಲ, ಅವರು ಆರೋಗ್ಯವಾಗಿದ್ದಾರೆಯೇ, ಬಲ್ಲವರು ತಿಳಿಸಿ.

ಅಕ್ಕ ಕನ್ನಡಕ ತೆಗೆದರು. “ಅವರ ಕೆಲಸ ನಿಂತುಹೋಗಿರತ್ತೆ ಅಂತ ನಾನು ಕೊರಗ್ತಿದ್ದೆ. ಅವರು ನೋಡಿದರೆ ನನಗೋಸ್ಕರ ಕಾದಿದ್ದಾರೆ.”

ಚೆನ್ನಾಗಿದ್ದೇನೆ, ಬರಲಾಗದಂತಾಗಿತ್ತು ಎಂದು ಅಂದೇ ಬರೆದರು. ಮರು ಉತ್ತರ ಬರಲಿಲ್ಲ. ಕ್ರಮೇಣ ಆ ಗುಂಪೇ ಬರಿದಾಯಿತು. ಅಲ್ಲಿದ್ದವರು ಎಲ್ಲೆಲ್ಲಿಗೋ ಚದುರಿದರು. ಅಕ್ಕ ಮಾತ್ರ ಈಗಲೂ ಆಗೊಮ್ಮೆ ಈಗೊಮ್ಮೆ ಹೋಗಿ ನೋಡಿ ಬರುತ್ತಾರೆ.

ಅವರ ಸ್ಥಾನಕ್ಕೆ ಇನ್ನು ಬರುವವರು ಕೊಕ್ಕರೆ. ಈ ವಿಷಯವನ್ನೆಲ್ಲ ನಾನು ಈ ಬೀಳ್ಕೊಡುಗೆಯ ಬರಹದಲ್ಲಿ ಬರೆಯಲೇಬೇಕೆಂದು ಒತ್ತಾಯಿಸಿದವರೂ ಅವರೇ. ದರ್ಜಿಯಾಗಿರುವ ಅಕ್ಕನ ಯಜಮಾನರು ಮೊನ್ನೆ, “ಇಷ್ಟು ದಿನ ಆಸ್ಪತ್ರೇಲಿ ಇರ್ತಿದ್ಳು, ಇನ್ಮೇಲೆ ಮನೇಲಿದ್ದೂ ಇರಲ್ಲ” ಎಂದು ನಮ್ಮನ್ನೆಲ್ಲ ನಗಿಸಿದರು. ಗಂಡನ ಅಂಗಡಿಗಾಗಿ, ಬಟ್ಟೆ ಪೋಲಾಗದಂತೆ ಕತ್ತರಿಸುವ ಬಗೆಯನ್ನು ತೋರಿಸುವ ಪ್ರೋಗ್ರಾಮ್ ಬರೆಯಲು ಅಕ್ಕ ಹೊರಟಿದ್ದಾರೆ. ಅದರ ಸಲುವಾಗಿ ಹೊಸದೊಂದು ಗುಂಪು ಸೇರಿ, ಏನೂ ಅರಿಯದವರಂತೆ ಮೊದಲ ಪ್ರಶ್ನೆ ಕೇಳಿದ್ದಾರೆ.

ಅವರಿಗೆ ನೂರು ಕಾಲದ ಆಯುಸ್ಸು, ಮಂಜಾಗದ ಕಣ್ಣು, ಕೈತುಂಬ ಕೆಲಸ ದೊರೆಯಲಿ. ನಮ್ಮನ್ನು ಮರೆತು ನಿಶ್ಚಿಂತೆಯಾಗಿರಲಿ ಎನ್ನಲು ನನಗೆ ಮನಸ್ಸು ಬಾರದು. ಆಗಾಗ ನಮ್ಮನ್ನು ನೆನೆದು ಕಳವಳಪಡುತ್ತಲೇ ಅವರು ಸುಖವಾಗಿರಲಿ.